ದೆಹಲಿ ರಿಡ್ಜ್‌ನಲ್ಲಿ ನಾಲ್ಕು ದಿನ, ಜೊತೆಗೆ ನಮ್ಮ ಬಳ್ಳಾರಿ ಜಾಲಿ

ನಮ್ಮ ಭಾವ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿ ಸೇರಿ ಗಾರ್ಡ್ ಆಗಿ ರಿಟೈರ್ ಆದೋರು. ಅವರ ಮಗ, ಅಂದ್ರೆ ನನ್ನ ಅಳಿಯ, ದೆಹಲಿಯ ಮುನಿರ್ಕಾದಲ್ಲಿ ರೂಮ್ ಮಾಡ್ಕೊಂಡು ದಿನಾ ಗುರುಗ್ರಾಮಕ್ಕೆ ಕೆಲಸಕ್ಕೆ ಹೋಗ್ತಾನೆ. ಎರಡು ವರ್ಷದಿಂದ ಬನ್ನಿ ಬನ್ನಿ ಅಂತ ಕರೀತಿದ್ದ. ಅಕ್ಕ ಬರಲಿಲ್ಲ, ಹಸು ಕರು ಹಾಕೋ ಟೈಮು ಬಿಟ್ಟು ಹೆಂಗೆ ಬರ್ಲಿ ಅಂದ್ಲು. ಹಂಗಾಗಿ ಮಾರ್ಚ್ ಮೊದಲ ವಾರ ನಾನೂ ಭಾವನೂ ಇಬ್ರೇ ಗುಂತಕಲ್‌ನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಹೊರಟ್ವಿ. ಅಕ್ಕ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಪುಡಿ ಝಾನ್ಸಿ ತನಕ ಬಂತು, ಆಮೇಲಿಂದು ರೈಲಿನ ಟೀ ಬಿಸ್ಕೆಟ್.

ಕೆಂಪುಕೋಟೆ, ಕುತುಬ್ ಮಿನಾರ್ ಎಲ್ಲಾ ಭಾವ ಹಿಂದೊಮ್ಮೆ ನೋಡಿದ್ರು. "ಕಟ್ಟಡ ಎಷ್ಟು ಅಂತ ನೋಡೋದು ಮಗಾ, ಕಾಡು ಗೀಡು ಏನಾರ ಇದ್ರೆ ತೋರ್ಸು" ಅಂದ್ರು. ಅಳಿಯ ತಲೆ ಕೆರ್ಕೊಂಡು, ಇಲ್ಲೊಂದು ಬೆಟ್ಟದ ಸಾಲು ಇದೆ, ಊರೊಳಗೇ ಹಾದುಹೋಗುತ್ತೆ, ರಿಡ್ಜ್ ಅಂತಾರೆ, ನಾನೂ ಪೂರ್ತಿ ನೋಡಿಲ್ಲ ಅಂದ. ದೆಹಲಿಯಲ್ಲಿ ಬೆಟ್ಟ ಎಲ್ಲಿಂದ ಬಂತು ಅಂತ ನಂಗೂ ಆಶ್ಚರ್ಯ ಆಯ್ತು. ಗುಜರಾತಿಂದ ರಾಜಸ್ಥಾನ ದಾಟಿ ಬರೋ ಅರಾವಳಿ ಸಾಲು ಇದೆಯಲ್ಲ, ಅದರ ಬಾಲ ಇದು. ದಕ್ಷಿಣದಲ್ಲಿ ಭಾಟಿ, ತುಘಲಕಾಬಾದ್ ಕಡೆಯಿಂದ ಊರೊಳಗೆ ನುಗ್ಗಿ ಸುಮಾರು 35 ಕಿಲೋಮೀಟರ್ ಹರಿದು ಉತ್ತರದಲ್ಲಿ ವಜೀರಾಬಾದ್ ಹತ್ತಿರ ಯಮುನೆಗೆ ಬಂದು ಮುಗಿಯುತ್ತೆ. ಒಂದು ಕಡೆ ಈ ಬೆಟ್ಟ, ಇನ್ನೊಂದು ಕಡೆ ಹೊಳೆ, ನಡುವೆ ಸಿಗೋ ತ್ರಿಕೋನದಲ್ಲೇ ಹಳೇ ದೆಹಲಿಗಳೆಲ್ಲ ಒಂದಾದ ಮೇಲೊಂದು ಎದ್ದು ಬಿದ್ದಿದ್ದು. ಮ್ಯಾಪ್‌ನಲ್ಲಿ ನೋಡಿದ್ರೆ ಹಸಿರು ಬಟ್ಟೆನ ತುಂಡು ತುಂಡು ಹರಿದು ಎಸ್ದಂಗಿದೆ, ರಸ್ತೆ, ಕಾಲೊನಿ, ಕ್ಯಾಂಪಸ್ಸು ಎಲ್ಲಾ ನಡುನಡುವೆ ಕತ್ತರಿ ಹಾಕಿವೆ. ಸರಿ, ಬಾಲದ ತುದಿಯಿಂದ ಶುರು ಮಾಡಿ ದಕ್ಷಿಣಕ್ಕೆ ಇಳಿಯೋಣ ಅಂತ ತೀರ್ಮಾನ ಆಯ್ತು.

ಮೊದಲನೇ ದಿನ: ಕೋತಿಗಳ ರಾಜ್ಯ

ಮೆಟ್ರೋ ಹಳದಿ ಲೈನ್‌ನಲ್ಲಿ ವಿಶ್ವವಿದ್ಯಾಲಯ ಸ್ಟೇಷನ್, ಅಲ್ಲಿಂದ ಇ-ರಿಕ್ಷಾ. ಅವನು ಇಳಿಸಿದ ಗೇಟಿಗೆ ಬೀಗ ಇತ್ತು, ಸರಿಯಾದ ಗೇಟು ಹುಡುಕೋಕೆ ಕಾಂಪೌಂಡ್ ಪಕ್ಕ ಅರ್ಧ ಗಂಟೆ ನಡೆದ್ವಿ. ಬೆಳಿಗ್ಗೆ ಚಳಿ ಇನ್ನೂ ಸಣ್ಣಗೆ ಇತ್ತು, ಸ್ವೆಟರ್ ಹಾಕಿದ್ರೆ ಸೆಕೆ, ತೆಗೆದ್ರೆ ಚಳಿ, ಆ ಥರ ಹವಾ. ಉತ್ತರದ ಈ ತುಂಡಿಗೆ ಕಮಲಾ ನೆಹರೂ ರಿಡ್ಜ್ ಅಂತ ಹೆಸರು, ಇರೋದು ಬರೀ 87 ಹೆಕ್ಟೇರ್. ಏರು ಅಂದ್ರೆ ಏನು ಏರು, ಎರಡು ತೆಂಗಿನಮರ ಒಂದರ ಮೇಲೊಂದು ನಿಲ್ಸಿದಷ್ಟು ಇರಬಹುದು. ಭಾವ ಒಂದು ಕಡೆ ನಿಂತು ಸುತ್ತ ನೋಡಿ "ಬೆಟ್ಟ ಎಲ್ಲೈತೋ" ಅಂದ್ರು. "ಭಾವ, ನೀವು ಅದರ ನೆತ್ತಿ ಮೇಲೇ ನಿಂತಿದೀರಿ" ಅಂದೆ.

ಚಿತ್ರದುರ್ಗದ ಬಂಡೆ, ಜಟಿಂಗ ರಾಮೇಶ್ವರದ ಬೆಟ್ಟ ನೋಡಿದ ಕಣ್ಣಿಗೆ ಇದು ಗುಡ್ಡ ಅಂತಲೂ ಅನ್ಸಲ್ಲ. ಆದ್ರೆ ಬಗ್ಗಿ ಕಲ್ಲು ನೋಡಿದ್ರೆ ಗೊತ್ತಾಗುತ್ತೆ, ನಮ್ಮ ಕಡೆ ಗ್ರಾನೈಟ್ ಥರ ಗುಂಡುಗುಂಡಲ್ಲ, ಬಿಳಿ ಕೆಂಪು ಮಿಶ್ರ, ಒಡೆದ ಕಡೆ ಸಕ್ಕರೆ ಅಚ್ಚಿನ ಥರ ಮಿನುಗೋ ಕ್ವಾರ್ಟ್ಜೈಟ್. ಯಾವುದೋ ಕಾಲದ ಮರಳೇ ಕಾವು ಒತ್ತಡಕ್ಕೆ ಸಿಕ್ಕಿ ಇಷ್ಟು ಗಟ್ಟಿಯಾಗಿದ್ದಂತೆ. ಹಿಮಾಲಯ ಇದರ ಮುಂದೆ ಮೊನ್ನೆ ಹುಟ್ಟಿದ ಕೂಸು. ಸವೆದು ಸವೆದು ಇಷ್ಟು ಉಳಿದಿದೆ ಅಷ್ಟೇ.

ಕಾಡಿನೊಳಗೆ ನೂರು ಹೆಜ್ಜೆ ಹಾಕಿರಬಹುದು, ಭಾವ ಗಕ್ಕನೆ ನಿಂತ್ರು. ಒಂದು ಟೊಂಗೆ ಹಿಡ್ಕೊಂಡು ಎಲೆ ತಿರುಗಿಸಿ ನೋಡಿದ್ರು, ಮುಳ್ಳು ಮುಟ್ಟಿದ್ರು, ನನ್ನ ಮುಖ ನೋಡಿದ್ರು. "ಲೇ, ಇದು ನಮ್ಮ ಬಳ್ಳಾರಿ ಜಾಲಿ ಕಣೋ."

ಹೌದು, ಅದೇ. ನಮ್ಮೂರ ಕೆರೆ ಅಂಗಳ, ರೈಲ್ವೆ ಲೈನ್ ಪಕ್ಕ, ಸ್ಮಶಾನ, ಹಾಳುಬಿದ್ದ ಹೊಲ ಎಲ್ಲಾ ತುಂಬ್ಕೊಂಡಿರೋ ಅದೇ ಮರ. ಇಲ್ಲಿ ಅದಕ್ಕೆ ವಿಲಾಯ್ತಿ ಕೀಕರ್ ಅಂತಾರೆ, ಅಂದ್ರೆ ಸೀಮೆ ಜಾಲಿ. ನಾವು ಬಳ್ಳಾರಿ ಮೇಲೆ ಹಾಕ್ತೀವಿ, ಇವರು ವಿಲಾಯಿತಿ ಮೇಲೆ ಹಾಕ್ತಾರೆ, ಮರ ನೋಡಿದ್ರೆ ಮೆಕ್ಸಿಕೋ ಕಡೇದು, ಯಾರೂ ನಮ್ದು ಅಂತ ಒಪ್ಕೊಳಲ್ಲ. ಬ್ರಿಟಿಷರ ಕಾಲದಲ್ಲಿ ಬೋಳು ಗುಡ್ಡ ಹಸಿರು ಮಾಡೋಕೆ ಅಂತ ತಂದು ಹಾಕಿದ್ದು, ಈಗ ರಿಡ್ಜ್‌ನಲ್ಲಿ ಎಲ್ಲಿ ನೋಡಿದ್ರೂ ಅದೇ. ಎರಡು ಸಾವಿರ ಕಿಲೋಮೀಟರ್ ಬಂದು ಹಿತ್ತಲಿನ ಬೇಲಿ ನೋಡ್ದಂಗಾಯ್ತು.

ಫ್ಲ್ಯಾಗ್‌ಸ್ಟಾಫ್ ಟವರ್ ಅಂತ ಗುಂಡನೆ ಗೋಪುರ ಇದೆ, 1828ರದ್ದು. 1857ರ ಮೇ 11ರಂದು ಸಿಪಾಯಿ ದಂಗೆ ದೆಹಲಿಗೆ ಬಂದಾಗ ಇಂಗ್ಲಿಷ್ ಹೆಂಗಸರು ಮಕ್ಕಳು ಓಡಿಬಂದು ಇದರೊಳಗೆ ಕೂತಿದ್ರಂತೆ. ಜೂನ್‌ನಲ್ಲಿ ಬ್ರಿಟಿಷ್ ಸೈನ್ಯ ಈ ಗುಡ್ಡ ಹಿಡ್ಕೊಂಡು, ಸೆಪ್ಟೆಂಬರ್ ತನಕ ಇಲ್ಲಿಂದಲೇ ಊರಿನ ಕಡೆ ತೋಪು ಹಾರಿಸ್ತಿತ್ತು. ಎರಡು ತೆಂಗಿನಮರದ ಎತ್ತರ ಅಂತ ನಾನು ನಕ್ಕಿದ್ದು ತಪ್ಪು ಅನ್ನಿಸಿದ್ದು ಅಲ್ಲಿ ನಿಂತಾಗ. ಸುತ್ತ ಎಲ್ಲಾ ಸಪಾಟು ಇರೋ ಊರಲ್ಲಿ ಅಷ್ಟೇ ಎತ್ತರ ಸಾಕು.

ಟವರ್ ಮುಂದೆ ಭಾವ ಚೀಲದಿಂದ ಬಾಳೆಹಣ್ಣು ತೆಗೆದ್ರು. ನಲವತ್ತು ವರ್ಷ ಕಾಡಲ್ಲಿ ಕೆಲಸ ಮಾಡಿದ ಮನುಷ್ಯ ಹಂಗ್ ಮಾಡಬಾರದಿತ್ತು. ಎಲ್ಲಿತ್ತೋ ಒಂದು ಕೋತಿ, ಬಂದು ಬಾಳೆಹಣ್ಣು ಬಿಟ್ಟು ಚೀಲಾನೇ ಕಿತ್ಕೊಂಡು ಹೋಯ್ತು. ಅದರಲ್ಲಿ ಭಾವನ ಬಿಪಿ ಮಾತ್ರೆ, ಕನ್ನಡಕದ ಡಬ್ಬಿ, ಅಕ್ಕ ಕೊಟ್ಟ ಟವೆಲ್. ವಾಕಿಂಗ್ ಬಂದಿದ್ದ ವಯಸ್ಸಾದ ಸರ್ದಾರ್ಜಿ ಒಬ್ರು ಕೋಲು ತೋರಿಸಿ, ಹಿಂದಿಲಿ ಬೈದು, ಕೊನೆಗೆ ಜೇಬಿಂದ ಕಡಲೆ ಎಸೆದು ಚೀಲ ವಾಪಸ್ ಕೊಡಿಸಿದ್ರು. ಕೋತಿ ಜೊತೆ ವ್ಯವಹಾರ ಮಾಡೋದು ಹಿಂಗೆ ಅಂತ ನಕ್ಕರು. ಮಾತ್ರೆ ಶೀಟು ಮಾತ್ರ ಹಲ್ಲಿನ ಗುರುತು ಬಿದ್ದು ವಾಪಸ್ ಬಂತು. ನೀವು ಹೋದ್ರೆ ಕೈಲಿ ಚೀಲ ಬೇಡ, ಬೆನ್ನಿಗೆ ಬ್ಯಾಗ್ ಹಾಕಿ, ತಿನ್ನೋದನ್ನ ಹೊರಗೆ ಬಂದು ತಿನ್ನಿ.

ಅದೇ ದಾರಿಲಿ ದಕ್ಷಿಣಕ್ಕೆ ಹೋದ್ರೆ ಹಿಂದೂ ರಾವ್ ಆಸ್ಪತ್ರೆ ಹತ್ತಿರ ಅಶೋಕನ ಕಂಬ ಸಿಗುತ್ತೆ. ಫಿರೋಜ್ ಷಾ ತುಘಲಕ್ ಮೀರತ್‌ನಿಂದ ತರಿಸಿ ನಿಲ್ಲಿಸಿದ್ದು, ಆಮೇಲೆ ಒಂದು ಸ್ಫೋಟದಲ್ಲಿ ಐದು ತುಂಡಾಗಿ ಬಿದ್ದಿದ್ದು, 1867ರಲ್ಲಿ ಜೋಡಿಸಿ ಎತ್ತಿದ್ದು. ಬೆಸುಗೆ ಗೆರೆ ಈಗ್ಲೂ ಕಾಣುತ್ತೆ. ಸ್ವಲ್ಪ ಮುಂದೆ ಚರ್ಚಿನ ಗೋಪುರದ ಥರ ಕೆಂಪು ಕಲ್ಲಿನ ಸ್ಮಾರಕ, 1863ರಲ್ಲಿ ಬ್ರಿಟಿಷರು ತಮ್ಮ ಕಡೆ ಸತ್ತವರಿಗೆ ಕಟ್ಟಿದ್ದು. 1972ರಲ್ಲಿ ಅದಕ್ಕೆ ಅಜೀತ್‌ಗಢ ಅಂತ ಹೆಸರಿಟ್ಟು, ಇಲ್ಲಿ ಶತ್ರು ಅಂತ ಬರೆದಿರೋರೆಲ್ಲ ನಿಜವಾಗಿ ಸ್ವಾತಂತ್ರ್ಯಕ್ಕೆ ಹೋರಾಡಿದ ಹುತಾತ್ಮರು ಅಂತ ಇನ್ನೊಂದು ಫಲಕ ಹಾಕಿದ್ದಾರೆ. ಹಳೇ ಕಲ್ಲು ಒಡೀದೆ ಪಕ್ಕದಲ್ಲೇ ಉತ್ತರ ಬರೆದಿದ್ದು ನಂಗೆ ಬಹಳ ಹಿಡಿಸ್ತು.

ಮಧ್ಯಾಹ್ನ ಕಮಲಾ ನಗರದಲ್ಲಿ ಕ್ಯೂ ನಿಂತು ಛೋಲೆ ಭಟೂರೆ. ಭಾವ ಒಂದು ಭಟೂರೆ ಮುಗಿಸಿ "ಪೂರಿಗೆ ಬಾವು ಬಂದಂಗೈತೆ" ಅಂದ್ರು, ಆಮೇಲೆ ಎರಡನೇದನ್ನೂ ತಿಂದ್ರು. ರಾತ್ರಿ ಅಕ್ಕಂಗೆ ಫೋನ್ ಮಾಡಿದಾಗ ಏನು ನೋಡಿದ್ರಿ ಅಂತ ಕೇಳಿದ್ಲು. ಭಾವ "ಬಳ್ಳಾರಿ ಜಾಲಿ" ಅಂದ್ರು. ಆ ಕಡೆಯಿಂದ "ಅದಕ್ಕೆ ಡೆಲ್ಲಿ ತನಕ ಹೋಗ್ಬೇಕಿತ್ತಾ, ಚೊಂಬು ಹಿಡ್ಕೊಂಡು ಕೆರೆ ಅಂಗಳಕ್ಕೆ ಹೋಗಿದ್ರೆ ಸಾಕಿತ್ತಲ್ಲ" ಅಂತ ಬಂತು. ಸ್ಪೀಕರ್ ಆನ್ ಇತ್ತು, ಅಳಿಯನ ರೂಮ್‌ಮೇಟಿಗೆ ಕನ್ನಡ ಬರಲ್ಲ, ಪುಣ್ಯ.

ಎರಡನೇ ದಿನ: ಮುಳುಗೋ ಗುಮ್ಮಟ, ಚುಚ್ಚೋ ಮುಳ್ಳು

ರಾಷ್ಟ್ರಪತಿ ಭವನ ಇರೋ ರೈಸಿನಾ ಗುಡ್ಡ ಕೂಡ ಇದೇ ರಿಡ್ಜಿನ ಒಂದು ಮೊಣಕೈ. ಇಂಡಿಯಾ ಗೇಟ್ ಕಡೆಯಿಂದ ಕರ್ತವ್ಯ ಪಥದಲ್ಲಿ ನಡ್ಕೊಂಡು ಹೋಗಿ, ಒಂದು ತಮಾಷೆ ಕಾಣುತ್ತೆ. ದೂರದಿಂದ ದೊಡ್ಡದಾಗಿ ಕಾಣೋ ಗುಮ್ಮಟ ಹತ್ತಿರ ಹೋದಷ್ಟೂ ಕೆಳಗೆ ಮುಳುಗ್ತಾ ಹೋಗುತ್ತೆ. ಭವನ ಕಟ್ಟಿದ ಲುಟ್ಯೆನ್ಸ್‌ಗೂ ಪಕ್ಕದ ಸೆಕ್ರೆಟರಿಯೇಟ್ ಕಟ್ಟಿದ ಬೇಕರ್‌ಗೂ ಈ ಇಳಿಜಾರಿನ ವಿಷಯಕ್ಕೇ ಮಾತು ಬಿಟ್ಟುಹೋಗಿತ್ತಂತೆ. ಇಬ್ಬರು ದೊಡ್ಡ ಆರ್ಕಿಟೆಕ್ಟ್‌ಗಳಿಗೆ ನೀರು ಕುಡಿಸ್ತು ನೋಡಿ ಈ ಬೆಟ್ಟವಲ್ಲದ ಬೆಟ್ಟ.

ಅಲ್ಲಿಂದ ಆಟೋದಲ್ಲಿ ಸೆಂಟ್ರಲ್ ರಿಡ್ಜ್, ಸುಮಾರು 864 ಹೆಕ್ಟೇರ್. ರಸ್ತೆ ಎರಡೂ ಕಡೆ ಕಾಡು, ಒಂದು ಕಡೆ ಎಂಬಸಿಗಳು, ಇನ್ನೊಂದು ಕಡೆ ಕರೋಲ್ ಬಾಗ್ ಗದ್ದಲ, ನಡುವೆ ಇಷ್ಟು ದೊಡ್ಡ ನಿಶ್ಶಬ್ದ ಇರುತ್ತೆ ಅಂತ ನಂಬಕ್ಕಾಗಲ್ಲ. ಬುದ್ಧ ಜಯಂತಿ ಪಾರ್ಕಿಗೆ ಹೋದ್ವಿ. ಬುದ್ಧನ 2500ನೇ ವರ್ಷದ ನೆನಪಿಗೆ ಗುಡ್ಡದ ಏರಿಳಿತ ಹಂಗೇ ಇಟ್ಕೊಂಡು ಮಾಡಿದ ಪಾರ್ಕು, ಹುಲ್ಲು, ಸಣ್ಣ ಕಾಲುವೆ, ಸೇತುವೆ, ಒಂದು ಚಿನ್ನದ ಬಣ್ಣದ ಬುದ್ಧ. ಪ್ರತಿ ಪೊದೆಗೂ ಒಂದೊಂದು ಜೋಡಿ. ಭಾವ ತಲೆ ಬಗ್ಗಿಸ್ಕೊಂಡು ನಡೆದ್ರು, ಹಂಗಾಗಿ ಅವರಿಗೆ ನೆಲ ಕಂಡಿತು, ನೆಲದಲ್ಲಿ ಬೂರುಗದ ಹೂವು. ತಲೆ ಎತ್ತಿ ನೋಡಿದ್ರೆ ಎಲೆ ಒಂದೂ ಇಲ್ದೆ ಮರ ತುಂಬ ಅಂಗೈ ಅಗಲದ ಕೆಂಪು ಹೂವು, ಅದರ ಮೇಲೆ ಗಿಳಿ, ಮೈನಾ, ಕಾಗೆ ಎಲ್ಲಾ ಒಟ್ಟಿಗೆ ಬಿದ್ದು ಗಲಾಟೆ. ಮಾರ್ಚ್ ಮೊದಲ ಎರಡು ವಾರ ದೆಹಲಿಗೆ ಹೋಗೋಕೆ ಬೇರೆ ಕಾರಣ ಬೇಕಿಲ್ಲ.

ಪಾರ್ಕ್ ಅಂಚಿನ ಕಾಲುದಾರಿಲಿ ಸ್ವಲ್ಪ ಒಳಗೆ ಹೋದ್ವಿ ನೋಡಿ, ನನ್ನ ತೆಳು ಸೋಲಿನ ಸ್ಪೋರ್ಟ್ಸ್ ಶೂ ತೂರಿಕೊಂಡು ಒಂದು ಜಾಲಿಮುಳ್ಳು ಹಿಮ್ಮಡಿಗೆ ಹೋಯ್ತು. ಹೋಗಿ ಒಳಗೇ ಮುರೀತು. ಕಣ್ಣಲ್ಲಿ ನೀರು ಬಂತು. ಭಾವ ಕನ್ನಡಕ ರೂಮಲ್ಲೇ ಬಿಟ್ಟಿದ್ರು (ಕೋತಿ ಭಯ). ಅಲ್ಲೇ ಒಣಗಿದ ಎಲೆ ಗುಡಿಸ್ತಿದ್ದ ಮಾಲಿಯೊಬ್ಬ ಬಂದು ನನ್ನ ಕಾಲನ್ನ ತನ್ನ ತೊಡೆ ಮೇಲೆ ಇಟ್ಕೊಂಡು, ಬೇರೆ ಗಿಡದಿಂದ ಒಂದು ಗಟ್ಟಿ ಮುಳ್ಳು ಮುರ್ಕೊಂಡು, ಅದರಿಂದ ಬಿಡಿಸಿ ಬಿಡಿಸಿ ತೆಗೆದ. ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು ಅನ್ನೋದನ್ನ ಮೇಷ್ಟ್ರು ಸಾವಿರ ಸಲ ಹೇಳಿದ್ರು, ಅನುಭವಕ್ಕೆ ಬಂದಿದ್ದು ಅವತ್ತೇ. ಅವನು ಉತ್ತರ ಪ್ರದೇಶದ ಬಾಂದಾ ಕಡೆಯವನಂತೆ. ಈ ಮರದ ಕೆಳಗೆ ಹುಲ್ಲೂ ಸರಿಯಾಗಿ ಬರಲ್ಲ ಸಾಹೇಬ್ರೇ, ನಾವು ಏನು ನೆಟ್ಟರೂ ಎರಡು ವರ್ಷಕ್ಕೆ ಇದೇ ಮೇಲೆ ಬಿದ್ದಿರುತ್ತೆ ಅಂದ. ಭಾವ ಹಿಂದಿ ಅರ್ಥ ಆಗ್ದೆ ನನ್ನ ಕೇಳಿದ್ರು, ಹೇಳಿದೆ. ಸುಮ್ಮನಾದ್ರು.

ಮಾಲಿಗೆ ದುಡ್ಡು ಕೊಡೋಕೆ ಹೋದ್ರೆ ತಗೊಳಲಿಲ್ಲ, ಬೀಡಿ ಇದೆಯಾ ಅಂದ. ಭಾವನ ಹತ್ರ ಇತ್ತು. ಇಬ್ರೂ ಭಾಷೆ ಬರದೇ ಕೂತು ಬೀಡಿ ಸೇದಿದ್ರು. ಆಮೇಲೆ ನಡೀತಾ ಭಾವ ಹೇಳಿದ ಕತೆ ನಂಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇವರ ಡ್ಯೂಟಿ ಏನಂದ್ರೆ ಚೀಲದಲ್ಲಿ ಜಾಲಿ ಬೀಜ ಹೊತ್ಕೊಂಡು ಹೋಗಿ ಗುಡ್ಡದ ಮೇಲೆ, ಹಳ್ಳದ ದಂಡೆಲಿ ಬಿತ್ತೋದು. ಆಗ ಬರ ಬೇರೆ, ಸೌದೆಗೆ ಹೆಂಗಸರು ಮೈಲಿಗಟ್ಟಲೆ ಹೋಗೋರು, ಯಾವ ಗಿಡ ಹಾಕಿದ್ರೂ ಮೇಕೆ ಬಾಯಿಗೆ. ಇದೊಂದು ಮಾತ್ರ ಬದುಕ್ತಿತ್ತು. "ಇದರ ಎಲೆನ ಮೇಕೆ ಮುಟ್ಟಲ್ಲ, ಕಾಯಿ ಮಾತ್ರ ತಿಂತದೆ, ತಿಂದು ಹಿಕ್ಕೆಲಿ ಬೀಜ ಹಾಕ್ಕೊಂಡು ಹೋಗ್ತದೆ. ನಾವು ಒಂದು ಚೀಲ ಬಿತ್ತಿದ್ವಿ, ಮಿಕ್ಕಿದ್ದೆಲ್ಲ ಮೇಕೆ ಬಿತ್ತಿದ್ದು" ಅಂದ್ರು. ರಿಟೈರ್ ಆಗೋ ಹೊತ್ತಿಗೆ ಅದೇ ಜಾಲಿ ಕೀಳಿಸೋ ಕೆಲಸಕ್ಕೆ ಹಾಕಿದ್ರಂತೆ. ಎರಡಕ್ಕೂ ಟಿಎ ಬಿಲ್ ಬರೆದಿದೀನಿ ಅಂತ ನಗ್ತಾನೇ ಹೇಳಿದ್ರು.

ಕುಂಟ್ಕೊಂಡು ಆರ್.ಕೆ.ಪುರಂನ ದೆಹಲಿ ಕರ್ನಾಟಕ ಸಂಘದ ಕಡೆ ಹೋಗಿ ಬಿಸಿಬೇಳೆ ಬಾತ್ ತಿಂದ್ವಿ. ಗೋಡೆ ಮೇಲೆ ಕನ್ನಡ ಅಕ್ಷರ ನೋಡಿದ್ದಕ್ಕೋ ಏನೋ ನೋವು ಅರ್ಧ ಕಮ್ಮಿ ಆಯ್ತು. ಸಂಜೆ ಮುನಿರ್ಕಾ ಮಾರ್ಕೆಟ್‌ನಲ್ಲಿ ಮೊದಲು ಮಾಡಿದ ಕೆಲಸ ದಪ್ಪ ಸೋಲಿನ ಶೂ ತಗೊಂಡಿದ್ದು. ರಿಡ್ಜಿಗೆ ಹೋಗೋರು ಇದನ್ನ ಊರಲ್ಲೇ ಮಾಡ್ಕೊಳಿ.

ಮೂರನೇ ದಿನ: ದಾರಿ ತಪ್ಪಿದ್ದು, ದಿಂಡಿಗದ ತಮ್ಮ ಸಿಕ್ಕಿದ್ದು

ಬೆಳಿಗ್ಗೆ ಆರೂವರೆಗೆ ಸಂಜಯ್ ವನ. ಕುತುಬ್ ಇನ್‌ಸ್ಟಿಟ್ಯೂಷನಲ್ ಏರಿಯಾ ಕಡೆ ಗೇಟಿಂದ ಒಳಗೆ ಹೋದ್ರೆ ಮೊದಲು ಜಾಗಿಂಗ್ ಮಾಡೋರು, ನಾಯಿಗೆ ಬಿಸ್ಕೆಟ್ ಹಾಕೋರು, ಜೋರಾಗಿ ಹಾ ಹಾ ಅಂತ ನಗೋ ಲಾಫಿಂಗ್ ಕ್ಲಬ್ಬು. ಹತ್ತು ನಿಮಿಷಕ್ಕೆ ಅವರೆಲ್ಲ ಮುಗಿದು ಬರೀ ನವಿಲು. ಒಂದು ತಿರುವಲ್ಲಿ ನೀಲಗಾಯಿ ನಿಂತಿತ್ತು, ಕುದುರೆಯಷ್ಟು ಎತ್ತರ, ನಮ್ಮನ್ನ ನೋಡಿ ಓಡಲೂ ಇಲ್ಲ, ಬಾಯಾಡಿಸ್ತಾ ನಿಂತೇ ಇತ್ತು.

ಈ ಕಾಡಿನೊಳಗೇ ದೆಹಲಿಯ ಎಲ್ಲಕ್ಕಿಂತ ಹಳೇ ಕೋಟೆ ಗೋಡೆ ಇದೆ. 11ನೇ ಶತಮಾನದ ತೋಮರರ ಲಾಲ್ ಕೋಟ್, ಆಮೇಲೆ ಚೌಹಾಣರ ಕಾಲದಲ್ಲಿ ಬೆಳೆದ ಕಿಲಾ ರಾಯ್ ಪಿಥೋರಾ. ಬೆಟ್ಟದ ಕಲ್ಲನ್ನೇ ಎತ್ತಿ ಬೆಟ್ಟದ ಮೇಲೇ ಜೋಡಿಸಿದ್ದು, ಹಂಗಾಗಿ ಎಲ್ಲಿ ಗೋಡೆ ಮುಗಿದು ಎಲ್ಲಿ ಬಂಡೆ ಶುರು ಅಂತ ಗೊತ್ತಾಗಲ್ಲ. ಹತ್ತಿ ನಿಂತ್ರೆ ಮರಗಳ ತಲೆ ಮೇಲೆ ಕುತುಬ್ ಮಿನಾರ್ ಕಾಣುತ್ತೆ, ಟಿಕೆಟ್ ಇಲ್ಲ, ಸೆಲ್ಫಿ ಕೋಲು ಇಲ್ಲ.

ಇಳಿಯುವಾಗ ದಾರಿ ತಪ್ಪಿತು. ಕಾಲುದಾರಿ ಎಲ್ಲಾ ಒಂದೇ ಥರ, ಜಾಲಿ ಕೆಳಗೆ ನೆಟ್‌ವರ್ಕ್ ಬರ್ತಿರಲಿಲ್ಲ. ಅರಣ್ಯ ಇಲಾಖೆಯವರು ಜೊತೆಗಿದ್ದಾರಲ್ಲ ಅಂತ ನಂಗೆ ಧೈರ್ಯ, ಅಳಿಯನ ಹತ್ರ ಮ್ಯಾಪ್ ಇದೆಯಲ್ಲ ಅಂತ ಭಾವಂಗೆ ಧೈರ್ಯ, ಅಳಿಯ ಮೊಬೈಲ್ ಚಾರ್ಜ್ ಮಾಡಿರಲಿಲ್ಲ. ಮುಕ್ಕಾಲು ಗಂಟೆ ಸುತ್ತಿ ಒಂದು ಹಳೇ ದರ್ಗಾದ ಹತ್ತಿರ ಬಂದ್ವಿ, ಆಶಿಕ್ ಅಲ್ಲಾ ದರ್ಗಾ ಅಂತ. ಊದುಬತ್ತಿ ಹಚ್ತಿದ್ದ ಅಜ್ಜ ದಾರಿ ತೋರಿಸೋ ಮುಂಚೆ ನೀರು ಕೊಟ್ಟ, ಒಂದು ಹಿಡಿ ಎಲಚಿ ಹಣ್ಣು ಕೊಟ್ಟ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡ್ಕೊಂಡು ಹೋಗಿ, ಹೊತ್ತು ಮುಳುಗೋ ಟೈಮಲ್ಲಿ ಒಬ್ಬೊಬ್ರೇ ಹೋಗ್ಬೇಡಿ, ಅಜ್ಜನೂ ಅದನ್ನೇ ಹೇಳಿದ.

ಅಲ್ಲಿಂದ ಜೆಎನ್‌ಯು ದೂರ ಇಲ್ಲ, ಅದೂ ರಿಡ್ಜಿನ ಮೇಲೇ ಇರೋದು, ಹಾಸ್ಟೆಲ್‌ಗಳ ನಡುವೆ ಬಂಡೆಗಳು ತಲೆ ಎತ್ತಿ ನಿಂತಿವೆ. ಅಳಿಯನ ಪರಿಚಯದವರ ಮೂಲಕ ಗೇಟಲ್ಲಿ ಹೆಸರು ಬರೆಸಿ ಒಳಗೆ ಹೋದ್ವಿ, ಐಡಿ ಕಾರ್ಡ್ ಇಲ್ದೆ ಹೋದ್ರೆ ಗೇಟಲ್ಲೇ ನಿಲ್ತೀರ. ಟೀ ಕುಡೀತಾ ನಾವು ಮೂವರೂ ಜೋರಾಗಿ ಮಾತಾಡ್ತಿದ್ದಾಗ ಪಕ್ಕದ ಕಲ್ಲುಬೆಂಚಿಂದ ಒಂದು ಹುಡುಗಿ "ಯಾವ ಊರ್ರಿ ನಿಮ್ದು" ಅಂದ್ಲು. ಸಿಂಧನೂರು ಕಡೆಯವಳು, ಸಂಶೋಧನೆ ಮಾಡ್ತಿದಾಳೆ. ಇಲ್ಲೊಂದು ಕನ್ನಡ ಪೀಠನೂ ಇದೆ ಅಂತ ಅವಳೇ ಹೇಳಿದ್ಲು. ಭಾವ ಅವಳಿಗೆ ಮೊದಲು ಕೇಳಿದ್ದು "ನಿಮ್ಮ ಕಡೆ ಈ ಜಾಲಿ ಐತೇನಮ್ಮ" ಅಂತ. ಅವಳು "ಏನ್ ಕೇಳ್ತೀರಿ ಕಾಕಾ, ಕಾಲುವೆ ದಂಡಿ ತುಂಬ ಅದಾ ಐತ್ರಿ" ಅಂದ್ಲು. ಆಮೇಲೆ ಪಾರ್ಥಸಾರಥಿ ರಾಕ್ಸ್ ಅನ್ನೋ ಬಂಡೆ ತನಕ ಕರ್ಕೊಂಡು ಹೋಗಿ ಬಿಟ್ಟು ಕ್ಲಾಸಿಗೆ ಓಡಿದ್ಲು. ಹೊರಡುವಾಗ ಭಾವ ಅವಳ ಕೈಗೆ ಐನೂರರ ನೋಟು ತುರುಕಿದ್ರು, ಅವಳು ಬೇಡ ಬೇಡ ಅಂದ್ರೂ ಕೇಳಲಿಲ್ಲ. ಚಳ್ಳಕೆರೆಯಿಂದ ಹೊರಟಾಗಿನಿಂದ ಒಂದು ಟೀಗೂ ಜೇಬಿಗೆ ಕೈ ಹಾಕಿರಲಿಲ್ಲ ಮನುಷ್ಯ.

ಮಧ್ಯಾಹ್ನ ವಸಂತ ವಿಹಾರ್ ಹತ್ತಿರದ ಅರಾವಳಿ ಬಯೋಡೈವರ್ಸಿಟಿ ಪಾರ್ಕ್. ಈ ಪ್ರವಾಸದಲ್ಲಿ ಒಂದೇ ಜಾಗಕ್ಕೆ ಹೋಗ್ತೀನಿ ಅನ್ನೋರಿಗೆ ನಾನು ಇದನ್ನೇ ಹೇಳೋದು. ಹಿಂದೆ ಇಲ್ಲಿ ಮೊರಂ, ಬದರ್‌ಪುರ್ ಮರಳು ಅಗೆದು ಅಗೆದು ಬರೀ ಗುಂಡಿ ಉಳಿದಿತ್ತು, ಗುಂಡಿ ತುಂಬ ಜಾಲಿ. ಇದನ್ನ ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಡಿಡಿಎ (ದೆಹಲಿ ಅಭಿವೃದ್ಧಿ ಪ್ರಾಧಿಕಾರ) ಜೊತೆ ಸೇರಿ ಮತ್ತೆ ಅರಾವಳಿ ಕಾಡು ಮಾಡ್ತಿದಾರೆ. ಗೇಟಲ್ಲಿ ಸಿಕ್ಕ ಹುಡುಗನೊಬ್ಬ, ಅಲ್ಲೇ ಕೆಲಸ ಮಾಡೋನು, ಭಾವ ಫಾರೆಸ್ಟ್‌ನೋರು ಅಂತ ಗೊತ್ತಾಗಿದ್ದೇ ತಡ ಜೊತೆಗೇ ಬಂದ. ನಾನು ದುಭಾಷಿ.

ಭಾವ ಕೇಳಿದ್ದು ಒಂದೇ ಪ್ರಶ್ನೆ, ಜಾಲಿ ಹೆಂಗೆ ಕಿತ್ರಿ? ಜೆಸಿಬಿ ತಂದ್ರಾ? ಹುಡುಗ ನಕ್ಕು, ಒಂದೇ ಸಲ ಕಿತ್ರೆ ಮಣ್ಣು ಬೋಳಾಗುತ್ತೆ, ಹಕ್ಕಿಗೆ ಗೂಡಿಗೂ ಜಾಗ ಇರಲ್ಲ, ಮತ್ತೆ ಅದೇ ಬುಡದಿಂದ ಚಿಗುರುತ್ತೆ ಅಂದ. ಕೊಂಬೆ ಸವರಿ ಬೆಳಕು ಕೆಳಗೆ ಬೀಳೋ ಹಂಗೆ ಮಾಡೋದು, ಕೆಳಗೆ ಊರಿನ ಗಿಡ ನೆಡೋದು, ಅವು ಮೇಲೆ ಬಂದು ನೆರಳು ಹಾಕಿದಾಗ ಜಾಲಿ ತಾನಾಗೇ ಸೊರಗುತ್ತೆ. ಜಾಲಿಗೆ ನೆರಳು ಆಗಿಬರಲ್ಲ. ಭಾವ ಇದನ್ನ ನನ್ನ ಕೈಲಿ ಎರಡು ಸಲ ಹೇಳಿಸಿದ್ರು. "ನಮಗೆ ಯಾರೂ ಇದನ್ನ ಹೇಳ್ಲಿಲ್ಲ ನೋಡು, ಬುಡ ಕಡೀರಿ ಅಂದ್ರು, ಕಡಿದ್ವಿ, ಒಂದಿದ್ದಿದ್ದು ಹತ್ತಾಯ್ತು."

ಆಮೇಲೆ ಒಂದು ಇಳಿಜಾರಲ್ಲಿ ಸಣ್ಣೆಲೆಯ, ಕೊಂಬೆ ಜೋತುಬಿದ್ದ ಮರ ತೋರಿಸಿದ. ಧೌ ಅಂತೆ, ಅರಾವಳಿಯ ನಿಜವಾದ ಒಡೆಯ, ಬರೀ ಬಂಡೆ ಸಂದಿಲೂ ಬದುಕುತ್ತೆ. ಭಾವ ತೊಗಟೆ ಉಜ್ಜಿ, ಎಲೆ ನೋಡಿ, "ಇದು ನಮ್ಮ ದಿಂಡಿಗದ ತಮ್ಮ" ಅಂದ್ರು. ಹುಡುಗನ ಹತ್ರ ಕೇಳಿದ್ರೆ ಹೌದು, ದಿಂಡಿಗ ಅನೋಗೈಸಸ್ ಲ್ಯಾಟಿಫೋಲಿಯಾ, ಇದು ಅನೋಗೈಸಸ್ ಪೆಂಡುಲಾ, ಒಂದೇ ಕುಲ. ರಿಟೈರ್ ಆಗಿ ವರ್ಷಗಳಾದ್ರೂ ಕೈ ಮರೆತಿರಲಿಲ್ಲ. ಪಕ್ಕದಲ್ಲಿ ಬಿಳಿಜಾಲಿ, ಅದಕ್ಕೆ ಇಲ್ಲಿ ರೋಂಜ್ ಅಂತಾರೆ, ಆಚೆ ಮುತ್ತುಗ ಮೊಗ್ಗು ಬಿಡ್ತಿತ್ತು. ಒಂದೊಂದಕ್ಕೂ ಇಬ್ರೂ ತಂತಮ್ಮ ಭಾಷೆಲಿ ಹೆಸರು ಹೇಳ್ಕೊಂಡು ಹೋದ್ರು, ಕೊನೆಕೊನೆಗೆ ನನ್ನ ಅವಶ್ಯಕತೆನೇ ಇರಲಿಲ್ಲ.

ನಾಲ್ಕು ಗಂಟೆಗೆ ಪಡುವಣದಲ್ಲಿ ಕಪ್ಪು ಕಟ್ಟಿತು. ಗಾಳಿ, ಧೂಳು, ಆಮೇಲೆ ಗೋಲಿ ಗಾತ್ರದ ಆಲಿಕಲ್ಲು. ಒಂದು ಶೆಡ್‌ನಲ್ಲಿ ಹದಿನೈದು ಜನ ಒತ್ತಿಕೊಂಡು ನಿಂತ್ವಿ. ಹತ್ತೇ ನಿಮಿಷ. ನಿಂತ ಮೇಲೆ ಆ ಕೆಂಪು ಮಣ್ಣಿಂದ ಎದ್ದ ವಾಸನೆ ಥೇಟ್ ನಮ್ಮೂರಿನ ಮೊದಲ ಮಳೆದು. ನೀರು ಎಲ್ಲೂ ನಿಲ್ಲದೆ ಬಂಡೆಯ ಬಿರುಕಿಗೆ ಇಳಿದುಹೋಯ್ತು. ಹೊರಗೆ ರಸ್ತೆಗೆ ಬಂದ್ರೆ ಮೊಣಕಾಲುದ್ದ ನೀರು, ಒಂದೂವರೆ ಗಂಟೆ ಟ್ರಾಫಿಕ್ ಜಾಮ್. ಬೆಟ್ಟ ಬಿಟ್ಟ ಕಡೆ ನೀರು ಕುಡಿಯೋರು ಯಾರೂ ಇಲ್ಲ.

ನಾಲ್ಕನೇ ದಿನ: ಬ್ರಹ್ಮಗಿರಿಯ ಅಣ್ಣತಮ್ಮ

ಕೊನೇ ದಿನ ಬಾಡಿಗೆ ಕಾರು ಮಾಡಿದ್ವಿ, ಯಾಕಂದ್ರೆ ದಕ್ಷಿಣದ ಕಡೆ ಜಾಗಗಳು ದೂರ ದೂರ. ಮೊದಲು ಈಸ್ಟ್ ಆಫ್ ಕೈಲಾಶ್. ಮನೆಗಳ ನಡುವೆ ಒಂದು ಸಣ್ಣ ಪಾರ್ಕು, ಅದರಲ್ಲಿ ಒಂದು ಬಂಡೆ ದಿಬ್ಬ, ಮೇಲೊಂದು ಕಾಂಕ್ರೀಟ್ ಸೂರು, ಸುತ್ತ ಗ್ರಿಲ್. ಡ್ರೈವರ್‌ಗೂ ಗೊತ್ತಿರಲಿಲ್ಲ, ಮೂರು ಜನ ವಾಕಿಂಗ್ ಮಾಡೋರನ್ನ ಕೇಳಿದ್ರೆ ಇಬ್ಬರಿಗೆ ಗೊತ್ತಿರಲಿಲ್ಲ. ಒಳಗಿರೋದು ಅಶೋಕನ ಶಾಸನ. 1966ರಲ್ಲಿ ಕಾಲೊನಿ ಕಟ್ಟೋ ಕೆಲಸ ನಡೀವಾಗ ಕಣ್ಣಿಗೆ ಬಿದ್ದಿದ್ದು. ಅಲ್ಲಿ ತನಕ ಎರಡು ಸಾವಿರ ವರ್ಷಕ್ಕೂ ಮೇಲೆ ಬಿಸಿಲಿಗೆ ಬಿದ್ದಿತ್ತು, ಯಾರೂ ಓದದೆ.

ಭಾವ ಗ್ರಿಲ್ ಹಿಡ್ಕೊಂಡು ನೋಡಿದ್ರು, ನೋಡಿ "ಬ್ರಹ್ಮಗಿರಿದೇ ಇದು" ಅಂದ್ರು. ಮೊಳಕಾಲ್ಮೂರು ತಾಲೂಕಲ್ಲೇ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಕಡೆ ಅಶೋಕನ ಶಾಸನ ಇವೆ, ಬಿ.ಎಲ್. ರೈಸ್ 1892ರಲ್ಲಿ ಹುಡುಕಿದ್ದು. ಭಾವ ಬೀಟ್ ತಿರುಗೋವಾಗ ಎಷ್ಟು ಸಲ ಅದರ ಪಕ್ಕ ಕೂತು ಬುತ್ತಿ ಉಂಡಿದಾರೋ. ಬ್ರಾಹ್ಮಿ ಅಕ್ಷರ ಅವರಿಗೆ ಓದಕ್ಕೆ ಬರಲ್ಲ, ಆದ್ರೆ ಆಕಾರ ಕಣ್ಣಲ್ಲಿ ಕೂತಿದೆ. ನಿಜಕ್ಕೂ ಎರಡೂ ಒಂದೇ ಸಂದೇಶ, ಕಿರು ಶಿಲಾಶಾಸನ ಅಂತಾರೆ. ಅಶೋಕ ಹೇಳಿರೋದು, ನಾನು ಎರಡೂವರೆ ವರ್ಷದಿಂದ ಬುದ್ಧನ ಉಪಾಸಕ, ಮೊದಲು ಅಷ್ಟು ಪ್ರಯತ್ನಪಡಲಿಲ್ಲ, ಈಗ ಪಡ್ತಿದೀನಿ, ಇದು ದೊಡ್ಡೋರಿಗೆ ಮಾತ್ರ ಅಲ್ಲ, ಸಣ್ಣೋರೂ ಪ್ರಯತ್ನಪಟ್ರೆ ಸ್ವರ್ಗ ಸಿಗುತ್ತೆ ಅನ್ನೋ ಥರದ ಮಾತು. ನಮ್ಮ ಕಡೆ ಶಾಸನಕ್ಕೆ ಒಂದು ವಿಶೇಷ ಇದೆ, ಬರೆದ ಲಿಪಿಕಾರ ಚಪಡ ಅನ್ನೋನು ಕೊನೆಲಿ ತನ್ನ ಕಸುಬಿನ ಹೆಸರನ್ನ ವಾಯುವ್ಯ ದಿಕ್ಕಿನ ಖರೋಷ್ಠಿ ಲಿಪಿಲಿ ಕೆತ್ತಿದಾನೆ. ಚಕ್ರವರ್ತಿ ಮಾತಿನ ಕೆಳಗೆ ಅವಂದೂ ಒಂದು ಸಹಿ. ಭಾವಂಗೆ ಇದು ಹೇಳಿದ್ದಕ್ಕೆ, "ಮತ್ತೆ? ಕೆಲಸ ಮಾಡಿದೋನು ಅವನೇ ತಾನೆ" ಅಂದ್ರು.

ಅಲ್ಲಿಂದ ತುಘಲಕಾಬಾದ್ ಕೋಟೆ ಪಕ್ಕ ಹಾದು (1321ರಲ್ಲಿ ಘಿಯಾಸುದ್ದೀನ್ ಕಟ್ಟಿಸೋಕೆ ಶುರು ಮಾಡಿದ್ದು, ಬಿಸಿಲು ಏರಿತ್ತು, ನಾವು ಒಳಗೆ ಹೋಗಲಿಲ್ಲ) ಅಸೋಲಾ ಭಾಟಿ ವನ್ಯಜೀವಿ ಧಾಮ. ದಕ್ಷಿಣದ ರಿಡ್ಜ್ ಒಟ್ಟು ಸುಮಾರು 6200 ಹೆಕ್ಟೇರ್, ಅದರಲ್ಲಿ ಅರ್ಧಕ್ಕೂ ಹೆಚ್ಚು ಈ ಧಾಮ. ದೆಹಲಿಯ ಎಲ್ಲಕ್ಕಿಂತ ಎತ್ತರದ ಜಾಗನೂ ಈ ಭಾಟಿ ಕಡೆನೇ, ಸಮುದ್ರಮಟ್ಟದಿಂದ 318 ಮೀಟರ್. ಇಲ್ಲಿ ಮೊದಲ ಸಲ ಭಾವ "ಈಗ ಗುಡ್ಡ ಅನ್ನಬಹುದು" ಅಂದ್ರು. ಊರು ಕಟ್ಟೋಕೆ ಬೇಕಾದ ಮರಳು, ಕಲ್ಲು ಎಲ್ಲಾ ಇಲ್ಲಿಂದ ಅಗೆದು ಒಯ್ದು ದೊಡ್ಡ ದೊಡ್ಡ ಕಣಿವೆಗಳೇ ಆಗಿವೆ, ಗಣಿಗಾರಿಕೆ ನಿಂತ ಮೇಲೆ ಕೆಲವದರಲ್ಲಿ ನೀರು ನಿಂತು ಕೆರೆ ಆಗಿದೆ. ಅಂಥ ಒಂದು ನೀಲಿ ನೀರಿನ ಗುಂಡಿ ಮುಂದೆ ಬಹಳ ಹೊತ್ತು ಕೂತ್ವಿ. ಎದುರಿನ ಗೋಡೆ ಪದರ ಪದರವಾಗಿ ಕೆಂಪು, ಹಳದಿ, ಬಿಳಿ. ಚಿರತೆ ಇದೆ ಅಂತ ಬೋರ್ಡಿದೆ, ನಮಗೆ ಕಂಡಿದ್ದು ನರಿ ಒಂದು. ಮತ್ತೆ ಕೋತಿ. ನಗರದಲ್ಲಿ ಹಿಡಿದ ಕೋತಿಗಳನ್ನ 2007ರಿಂದ ಇಲ್ಲಿಗೇ ತಂದು ಬಿಡ್ತಾರೆ. ಭಾವ ಬ್ಯಾಗನ್ನ ಹೊಟ್ಟೆ ಮುಂದೆ ಹಾಕ್ಕೊಂಡು ಕೂತಿದ್ರು, ಮೊದಲ ದಿನದ್ದೇ ಇಲ್ಲಿಗೆ ಟ್ರಾನ್ಸ್‌ಫರ್ ಆಗಿದ್ರೆ ಅಂತ.

ವಾಪಸ್ ಬರುವಾಗ ಧಾಮದ ಹೊರಗಿನ ರಸ್ತೆಲಿ ಮೂರು ಹೆಂಗಸರು ತಲೆ ಮೇಲೆ ಸೌದೆ ಹೊರೆ ಹೊತ್ಕೊಂಡು ಸಾಲಾಗಿ ಹೋಗ್ತಿದ್ರು. ಎಲ್ಲಾ ಜಾಲಿನೇ. ಭಾವ ಕಾರಿನ ಕಿಟಕಿಲಿ ತಿರುಗಿ ತಿರುಗಿ ನೋಡಿದ್ರು.

ಊರಿಗೆ ಬಂದ ವಾರಕ್ಕೆ ಅಕ್ಕನ ಮನೆಗೆ ಹೋಗಿದ್ದೆ, ಕರು ನೋಡೋಕೆ. ಹಿತ್ತಲಲ್ಲಿ ಭಾವ ಮಚ್ಚು ಹಿಡ್ಕೊಂಡು ಬೇಲಿ ಜಾಲಿಯ ಮೇಲಿನ ಕೊಂಬೆ ಸವರ್ತಿದ್ರು, ಬುಡ ಮುಟ್ಟಿರಲಿಲ್ಲ, ಪಕ್ಕದಲ್ಲಿ ಪ್ಲಾಸ್ಟಿಕ್ ಕವರಲ್ಲಿ ನಾಲ್ಕು ದಿಂಡಿಗದ ಸಸಿ, ಹಳೇ ಆಫೀಸಿನ ನರ್ಸರಿಯಿಂದ ತಂದಿದ್ದಂತೆ. ಅಕ್ಕ ಬಚ್ಚಲ ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿ ಹೇಳಿದ್ಲು, "ನೋಡಪ್ಪ ನಿಮ್ಮ ಭಾವನ್ನ. ಡೆಲ್ಲಿಗೆ ಹೋಗಿ ಬಂದ್ಮೇಲೆ ಜಾಲಿ ಬೇಡಂತೆ. ಇದೆಲ್ಲ ಒಣಗಿ ಹೋದ್ರೆ ಇವರಿಗೆ ದಿನಾ ಎರಡು ಹಂಡೆ ನೀರು ಏನ್ ಹಾಕಿ ಕಾಯಿಸ್ಲಿ, ದಿಂಡಿಗದ ಸಸಿನಾ?"